ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಬರ್ಲಿನ್‌ನ ಎಇಜಿ, ಮತ್ತೆ ಒಂದು ಸಿಲಿಕಾನ್ ಬಿಲ್ಲೆ

ಬೆಂಗಳೂರಿನಲ್ಲಿ ಎನ್‌ಜಿಇಎಫ್ ಲೇಔಟ್ ಅನ್ನುವ ಹೆಸರು ಒಂದಕ್ಕಿಂತ ಜಾಸ್ತಿ ಕಡೆ ಇದೆ. ಒಂದು ನಾಗರಭಾವಿ, ಮಲ್ಲತ್ತಹಳ್ಳಿ ಕಡೆ. ಇನ್ನೊಂದು ಊರಿನ ಆ ತುದಿಯಲ್ಲಿ, ಇಂದಿರಾನಗರದ ಹತ್ತಿರ. ನಾನಿರುವುದು ಮೊದಲನೆಯದರಲ್ಲಿ. ಕೊರಿಯರ್ ಹುಡುಗರು ಆಗಾಗ ಅಲ್ಲಿಗೆ ಹೋಗಿ ನನಗೆ ಫೋನ್ ಮಾಡುತ್ತಾರೆ. ಮೊನ್ನೆ ಪಕ್ಕದ ಮನೆಯ ಹುಡುಗ, ಎಂಜಿನಿಯರಿಂಗ್ ಓದಿದವನೇ, "ಎನ್‌ಜಿಇಎಫ್ ಅಂದ್ರೆ ಬಿಲ್ಡರ್ ಹೆಸರಾ ಅಂಕಲ್?" ಅಂದ. ಅಲ್ಲ, ಅದು ಬೈಯಪ್ಪನಹಳ್ಳಿಯಲ್ಲಿದ್ದ ಸರ್ಕಾರಿ ವಿದ್ಯುತ್ ಉಪಕರಣಗಳ ಕಾರ್ಖಾನೆ. ಅವನಿಗೆ ಅಂದು ಸಂಜೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಹಳೆಯ ಡಿಸಿ ಡ್ರೈವ್ (ಮೋಟಾರಿನ ವೇಗ ಹಿಡಿಯುವ ಪೆಟ್ಟಿಗೆ), ಬ್ಯಾಟರಿ ಚಾರ್ಜರ್, ಫರ್ನೇಸ್ ಕಂಟ್ರೋಲರ್‌ಗಳ ರಿಪೇರಿ. ಪೀಣ್ಯದಲ್ಲಿ ಒಂದು ಶೆಡ್ಡು ಇದೆ. ಎನ್‌ಜಿಇಎಫ್ ಅಂದರೆ ಎಲ್ಲರೂ ಟ್ರಾನ್ಸ್‌ಫಾರ್ಮರ್, ಮೋಟಾರ್ ಅನ್ನುತ್ತಾರೆ. ತಪ್ಪೇನಲ್ಲ. ಹಳ್ಳಿಯ ಹಿಟ್ಟಿನ ಗಿರಣಿಗಳಲ್ಲಿ ಅವರ ಬೀಡು ಕಬ್ಬಿಣದ ಮೋಟಾರ್ ಇನ್ನೂ ಸಿಗುತ್ತದೆ. ರಿವೈಂಡಿಂಗ್ ಮಾಡುವವರಿಗೆ ಅದರ ಮೇಲೆ ಒಂದು ಥರ ಅಭಿಮಾನ. ಎಷ್ಟು ಸಲ ಸುಟ್ಟು ಸುತ್ತಿದರೂ ಬಾಡಿ ಬಾಗುವುದಿಲ್ಲ, ಬೇರಿಂಗ್ ಸೀಟು ಸವೆಯುವುದಿಲ್ಲ ಅನ್ನುತ್ತಾರೆ. ಆದರೆ ನನಗೆ ಮೊದಲು ನೆನಪಾಗುವುದು ಅವರ ಡಯೋಡು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ. ಆ ಕಾರ್ಖಾನೆ ಸಿಲಿಕಾನ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವಂಥದ್ದು) ಮತ್ತು ಥೈರಿಸ್ಟರ್ (ಹೇಳಿದಾಗ ಮಾತ್ರ ಕರೆಂಟು ಬಿಡುವಂಥದ್ದು) ಕೂಡ ಮಾಡುತ್ತಿತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹೆಬ್ಬೆರಳು ಗಾತ್ರದ ಸ್ಟಡ್ ಡಯೋಡು, ಮೇಲೆ ಹೆಣೆದ ತಾಮ್ರದ ಜಡೆ, ಕೆಳಗೆ ಬೋಲ್ಟಿನಂಥ ಥ್ರೆಡ್ಡು. ನಾನು ಕೆಲಸ ಕಲಿತ ದಿನಗಳಲ್ಲಿ ಚಾರ್ಜರ್ ಬಿಚ್ಚಿದರೆ ಆಗೊಂದು ಈಗೊಂದು ಕೈಗೆ ಸಿಗುತ್ತಿತ್ತು.

ಮೈಸೂರು ಸರ್ಕಾರ 1933ರಲ್ಲೇ ಒಂದು ಗವರ್ನ್‌ಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ ಶುರು ಮಾಡಿತ್ತು. ಮೈಸೂರು ರಸ್ತೆಯಲ್ಲಿ ಇವತ್ತು ಕವಿಕಾ ಅಂತ ಇದೆಯಲ್ಲ, ಅದು. ಆಮೇಲೆ 1956ರಲ್ಲಿ ಪಶ್ಚಿಮ ಜರ್ಮನಿಯ ಎಇಜಿ ಕಂಪನಿಯ ಜೊತೆ ಸೇರಿ ಹಳೇ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಇನ್ನೊಂದು ಕಾರ್ಖಾನೆಗೆ ಕೈ ಹಾಕಿತು. ಮೊದಲನೆಯದು ಇದ್ದಿದ್ದರಿಂದ ಇದು 'ನ್ಯೂ' ಗವರ್ನ್‌ಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ, ಅಂದರೆ ಎನ್‌ಜಿಇಎಫ್, ಆಯಿತು. ನಮ್ಮ ಸೋದರಮಾವ ಅಲ್ಲಿ ಟ್ರಾನ್ಸ್‌ಫಾರ್ಮರ್ ಕಾಯಿಲ್ ಸುತ್ತುತ್ತಿದ್ದರು. ಏನೇ ಅಚ್ಚುಕಟ್ಟಾಗಿ ಮಾಡಿದರೂ "ಎಇಜಿ ಪದ್ಧತಿ" ಅನ್ನುತ್ತಿದ್ದರು. ಮನೆಯಲ್ಲಿ ಫ್ಯೂಸ್ ಕಟ್ಟುವುದಕ್ಕೂ ಅದೇ ಪದ್ಧತಿ. ನಮ್ಮತ್ತೆಗೆ ಆ ಮೂರು ಅಕ್ಷರ ಕೇಳಿ ಕೇಳಿ ಸಾಕಾಗಿತ್ತು.

ಆ ಎಇಜಿ ಯಾರು? ಇಲ್ಲಿಂದ ಬರ್ಲಿನ್‌ಗೆ ಹೋಗಬೇಕು.

ಎಮಿಲ್ ರಾಟೆನೌ ಅನ್ನುವ ಎಂಜಿನಿಯರ್ 1881ರಲ್ಲಿ ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನದಲ್ಲಿ ಎಡಿಸನ್‌ನ ಬಲ್ಬು ನೋಡಿದ. ಅದರ ಪೇಟೆಂಟ್ ಹಕ್ಕು ಕೊಂಡು 1883ರಲ್ಲಿ ಬರ್ಲಿನ್‌ನಲ್ಲಿ ಕಂಪನಿ ಕಟ್ಟಿದ. 1887ರಲ್ಲಿ ಅದಕ್ಕೆ ಎಇಜಿ ಅಂತ ಹೆಸರಾಯಿತು. ಅಲ್ಲಿ ಕೆಲಸಕ್ಕಿದ್ದ ಮಿಖಾಯಿಲ್ ಡೊಲಿವೊ-ಡೊಬ್ರೊವೊಲ್ಸ್ಕಿ 1889ರಲ್ಲಿ ತ್ರೀ ಫೇಸ್ ಸ್ಕ್ವಿರಲ್ ಕೇಜ್ ಮೋಟಾರ್ ಮಾಡಿದ. ಇವತ್ತು ನಮ್ಮ ತೋಟದ ಪಂಪುಗಳಲ್ಲಿ ಇರುವುದು ಅದೇ ಜಾತಿಯ ಮೋಟಾರು. ಎರಡು ವರ್ಷ ಬಿಟ್ಟು, 1891ರಲ್ಲಿ, ಲಾಫನ್ ಅನ್ನುವ ಊರಿನ ನೆಕರ್ ನದಿಯಿಂದ ಫ್ರಾಂಕ್‌ಫರ್ಟ್‌ಗೆ 175 ಕಿಲೋಮೀಟರ್ ದೂರ ತ್ರೀ ಫೇಸ್ ಕರೆಂಟು ಕಳಿಸಿದರು. ಜನರೇಟರ್ ಸ್ವಿಟ್ಜರ್ಲೆಂಡಿನ ಓರ್ಲಿಕಾನ್‌ನದು, ಆ ತುದಿಯ ಮೋಟಾರ್ ಎಇಜಿಯದು. ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಆ ಕರೆಂಟಿನಿಂದ ಸಾವಿರ ಬಲ್ಬು ಉರಿದವು. ಒಂದು ಕೃತಕ ಜಲಪಾತಕ್ಕೆ ನೀರನ್ನೂ ಎತ್ತಿದರು. ನದಿಯ ನೀರಿನಿಂದ ಕರೆಂಟು ತೆಗೆದು, ಅದನ್ನು ಅಷ್ಟು ದೂರ ಸಾಗಿಸಿ, ಮತ್ತೆ ನೀರು ಬೀಳಿಸಿ ತೋರಿಸುವುದು! ಶೋಕಿ ಅಂದರೆ ಅದು.

ಹನ್ನೊಂದು ವರ್ಷದ ನಂತರ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ಲೈನು ಎಳೆದರು. ಅದು 1902. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು, ಎಇಜಿಗೆ ಅಲ್ಲಿ ಪಾತ್ರವಿಲ್ಲ. ಆದರೆ ದೂರಕ್ಕೆ ತ್ರೀ ಫೇಸ್ ಕಳಿಸಬಹುದು ಅನ್ನುವ ಧೈರ್ಯ ಜಗತ್ತಿಗೆ ಬಂದದ್ದು ಲಾಫನ್ ಲೈನಿನಿಂದ.

ಎಇಜಿ ಬಗ್ಗೆ ಪುಸ್ತಕ ಬರೆದವರೆಲ್ಲ ಪೀಟರ್ ಬೆಹ್ರೆನ್ಸ್‌ನನ್ನು ಬಿಡುವುದಿಲ್ಲ. 1907ರಲ್ಲಿ ಕಂಪನಿ ಅವನನ್ನು ಕಲಾ ಸಲಹೆಗಾರ ಅಂತ ತೆಗೆದುಕೊಂಡಿತು. ಲೋಗೊ, ಕೆಟಲ್, ಫ್ಯಾನು, ಕಾರ್ಖಾನೆ ಕಟ್ಟಡ, ಎಲ್ಲ ಒಬ್ಬನದೇ ಕೈ. 1909ರಲ್ಲಿ ಅವನು ಬರ್ಲಿನ್‌ನಲ್ಲಿ ಕಟ್ಟಿದ ಟರ್ಬೈನ್ ಹಾಲ್ ಇನ್ನೂ ನಿಂತಿದೆ. ಒಳ್ಳೆಯದೇ. ನನಗೆ ಅದಕ್ಕಿಂತ ಟರ್ಬೈನ್ ಮೇಲೆ ಆಸಕ್ತಿ. ಇನ್ನೊಂದು ಮಾತನ್ನೂ ಬಿಡಬಾರದು. ಎರಡನೇ ಮಹಾಯುದ್ಧದಲ್ಲಿ ಎಇಜಿ ಬಂದಿಗಳನ್ನು ಬಲವಂತದ ದುಡಿಮೆಗೆ ಬಳಸಿಕೊಂಡಿತ್ತು. ಲೋಗೊ ಹೊಗಳುವವರು ಇದನ್ನು ಒಂದು ಸಾಲಿನಲ್ಲಿ ದಾಟಿಸುತ್ತಾರೆ. ನಾನೂ ಈಗ ಅದನ್ನೇ ಮಾಡಿದೆನೋ ಏನೋ.

ಈಗ ನನ್ನ ಕಸುಬಿಗೆ ಬರುತ್ತೇನೆ.

ಎಸಿಯನ್ನು ಡಿಸಿ ಮಾಡುವುದು ಹಳೆಯ ತಲೆನೋವು. ಟ್ರಾಮ್‌ಗೆ ಡಿಸಿ ಬೇಕು, ಬ್ಯಾಟರಿಗೆ ಬೇಕು, ಅಲ್ಯೂಮಿನಿಯಂ ತೆಗೆಯುವ ಕಡೆ ಬೇಕು, ಸಿನಿಮಾ ಪ್ರೊಜೆಕ್ಟರಿನ ಕಾರ್ಬನ್ ಆರ್ಕ್‌ಗೂ ಬೇಕು. ಮೊದಲು ಇದ್ದದ್ದು ಪಾದರಸದ ರೆಕ್ಟಿಫೈಯರ್. ದೊಡ್ಡ ಗಾಜಿನ ಬುರುಡೆ, ಪಕ್ಕಕ್ಕೆ ಚಾಚಿದ ಗಾಜಿನ ಕೈಗಳು, ತಳದಲ್ಲಿ ಕುಣಿಯುವ ಪಾದರಸ, ಒಳಗೆಲ್ಲ ನೀಲಿ ಬೆಳಕು. ನನಗೆ ಕೆಲಸ ಕಲಿಸಿದ ಮೇಷ್ಟ್ರು ಹುಡುಗನಾಗಿದ್ದಾಗ ಮೆಜೆಸ್ಟಿಕ್ ಕಡೆಯ ಒಂದು ಟಾಕೀಸಿನಲ್ಲಿ ಅದನ್ನು ನೋಡಿದ್ದರಂತೆ. ಸಿನಿಮಾ ಬಿಟ್ಟು ಅದನ್ನೇ ನೋಡುತ್ತಾ ನಿಂತಿದ್ದೆ ಅನ್ನುತ್ತಿದ್ದರು. ಆಮೇಲೆ ಸೆಲೆನಿಯಂ ಬಂತು. ಚೌಕದ ಲೋಹದ ತಗಡುಗಳನ್ನು ಸಾಲಾಗಿ ಪೋಣಿಸಿದ ಕಟ್ಟು. ಅದರ ಪರಿಚಯ ನನಗೂ ಇದೆ. ಒಂದು ಸಲ ಸುಟ್ಟರೆ ಕೊಳೆತ ಮೂಲಂಗಿಯ ವಾಸನೆ. ಶೆಡ್ಡಿನಿಂದ ಎರಡು ದಿನ ಹೋಗುವುದಿಲ್ಲ. ಆ ಹೊಗೆ ವಿಷ ಕೂಡ.

ಯುದ್ಧ ಮುಗಿದಾಗ ಬರ್ಲಿನ್ ಪುಡಿಯಾಗಿತ್ತು, ನಾಲ್ಕು ಪಾಲಾಗಿತ್ತು. ಎಇಜಿ ತನ್ನ ರೆಕ್ಟಿಫೈಯರ್ ಕೆಲಸವನ್ನು ಪಶ್ಚಿಮ ಜರ್ಮನಿಯ ಬೇಲೆಕೆ ಅನ್ನುವ ಊರಿನಲ್ಲಿ ಕಟ್ಟಿತು. ವಾರ್‌ಸ್ಟೈನ್ ಪಟ್ಟಣದ ಒಂದು ಭಾಗ ಅದು. ಗುಡ್ಡ, ಕಾಡು, ಒಂದು ಸಣ್ಣ ಹೊಳೆ. ವಾರ್‌ಸ್ಟೈನ್ ಹೆಸರು ಲೋಕಕ್ಕೆ ಗೊತ್ತಿರುವುದು ಬಿಯರ್‌ನಿಂದ. ಪವರ್ ಎಲೆಕ್ಟ್ರಾನಿಕ್ಸ್‌ನವರಿಗೆ ಮಾತ್ರ ಅದು ಬೇರೆ ಕಾರಣಕ್ಕೆ ಗೊತ್ತು.

1950ರ ದಶಕದಲ್ಲಿ ಸಿಲಿಕಾನ್ ಸರದಿ. ಸೀಮೆನ್ಸ್‌ನ ಎಬರ್‌ಹಾರ್ಡ್ ಸ್ಪೆಂಕೆ ಮತ್ತು ಅವನ ಜೊತೆಗಾರರು ಪ್ರೆಟ್ಸ್‌ಫೆಲ್ಡ್ ಅನ್ನುವ ಹಳ್ಳಿಯಲ್ಲಿ ಕೂತು ಅತಿ ಶುದ್ಧ ಸಿಲಿಕಾನ್ ತಯಾರಿಸುವ ದಾರಿ ಹುಡುಕಿದರು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಥೈರಿಸ್ಟರ್ ಮಾಡಿತು. ಡಯೋಡಿಗೆ ತನ್ನದೇ ಇಷ್ಟ ಇಲ್ಲ, ಸರಿಯಾದ ದಿಕ್ಕಿನಲ್ಲಿ ವೋಲ್ಟೇಜ್ ಬಂದರೆ ಬಿಡುತ್ತದೆ. ಥೈರಿಸ್ಟರ್ ಹಾಗಲ್ಲ. ಗೇಟ್ ಅನ್ನುವ ಅದರ ಮೂರನೇ ಕಾಲಿಗೆ ಒಂದು ಸಣ್ಣ ಪಲ್ಸ್ ಕೊಡುವ ತನಕ ಕಾಯುತ್ತದೆ. ಒಮ್ಮೆ ಆನ್ ಆದರೆ ಗೇಟ್‌ನ ಮಾತು ಮತ್ತೆ ಕೇಳುವುದಿಲ್ಲ. ಕರೆಂಟು ಸೊನ್ನೆಗೆ ಬಂದಾಗಲೇ ಆಫ್. ಶೆಡ್ಡಿಗೆ ಹೊಸ ಹುಡುಗರು ಬಂದರೆ ನಾನು ಕೊಡುವ ಮೊದಲ ಪಾಠ ಇದು. ಒಂದು ಬ್ಯಾಟರಿ, ಒಂದು ಬಲ್ಬು, ಸರಣಿಯಲ್ಲಿ ಒಂದು ಥೈರಿಸ್ಟರ್. ಬಲ್ಬು ಉರಿಯುವುದಿಲ್ಲ. ಆನೋಡ್‌ನಿಂದ ಒಂದು ರೆಸಿಸ್ಟರ್ ಇಟ್ಟು ಗೇಟ್‌ಗೆ ವೈರು ಮುಟ್ಟಿಸು. ಬಲ್ಬು ಹತ್ತಿತು. ವೈರು ತೆಗೆ. ಬಲ್ಬು ಹಾಗೇ ಉರಿಯುತ್ತಿರುತ್ತದೆ. ಆಗ ಅವರ ಮುಖ ನೋಡಬೇಕು.

ಪಲ್ಸನ್ನು ಬೇಗ ಕೊಟ್ಟರೆ ಜಾಸ್ತಿ ವೋಲ್ಟೇಜು, ತಡ ಮಾಡಿ ಕೊಟ್ಟರೆ ಕಡಿಮೆ. ಇಷ್ಟೇ ಆಟ. ಇದರಿಂದ ಡಿಸಿ ಮೋಟಾರ್‌ನ ವೇಗ ಬೇಕಾದ ಹಾಗೆ ಹಿಡಿಯಬಹುದು. ಕಾಗದದ ಕಾರ್ಖಾನೆ, ಸಕ್ಕರೆ ಕಾರ್ಖಾನೆ, ರೋಲಿಂಗ್ ಮಿಲ್, ಎಲ್ಲ ಕಡೆ ಇದೇ ಓಡಿತು.

ಒಂದು ಕಾಗದದ ಕಾರ್ಖಾನೆಯ ಕಥೆ ಹೇಳಲೇಬೇಕು. ಅಲ್ಲಿ ಒಂದು ಡ್ರೈವ್‌ನಲ್ಲಿ ಪದೇ ಪದೇ ಅದೇ ಜಾಗದ ಥೈರಿಸ್ಟರ್ ಹೋಗುತ್ತಿತ್ತು. ಅವರು ಮೂರು ಬೇರೆ ಬೇರೆ ಕಂಪನಿಯ ಮಾಲು ಹಾಕಿ ನೋಡಿದ್ದರು, ಎಲ್ಲರನ್ನೂ ಬೈದಿದ್ದರು. ಅದು ಡಿಸ್ಕ್ ಮಾದರಿ. ನಮ್ಮ ಭಾಷೆಯಲ್ಲಿ ಹಾಕಿ ಪಕ್. ನಿಪ್ಪಟ್ಟಿನ ಅಗಲ, ಅದಕ್ಕಿಂತ ದಪ್ಪ. ಬಿಸಿ ಹೀರುವ ಎರಡು ಲೋಹದ ಗಟ್ಟಿಗಳ (ಹೀಟ್‌ಸಿಂಕ್) ನಡುವೆ ಇಟ್ಟು ಕ್ಲ್ಯಾಂಪ್‌ನಿಂದ ಬಿಗಿಯಬೇಕು. ಒಳಗೆ ಬೆಸುಗೆ ಇಲ್ಲ, ಒತ್ತಡದಿಂದಲೇ ಕರೆಂಟು ದಾಟುವುದು. ಒಂದು ಟನ್ ಭಾರ ಮೇಲೆ ಕೂತಷ್ಟು ಒತ್ತಡ ಬೇಕು, ದೊಡ್ಡದಕ್ಕೆ ಇನ್ನೂ ಜಾಸ್ತಿ. ಆ ಕ್ಲ್ಯಾಂಪಿಗೆ ಎರಡು ಬೋಲ್ಟು. ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಕೈ ಹಾಕಿದ್ದರು. ಡಿಸ್ಕ್ ಒಂದು ಕಡೆ ಮಾತ್ರ ಒತ್ತಿಕೊಂಡು, ಆ ಅಂಚಿನಲ್ಲೇ ಕರೆಂಟು ಎಲ್ಲ ನುಗ್ಗಿ ಸುಡುತ್ತಿತ್ತು. ಎರಡೂ ಬೋಲ್ಟನ್ನು ಕಾಲು ಸುತ್ತು, ಕಾಲು ಸುತ್ತು ಅಂತ ಸಮವಾಗಿ ಬಿಗಿದ ಮೇಲೆ ಆ ಜಾಗದ ಗಲಾಟೆ ನಿಂತಿತು.

ಸುಟ್ಟ ಡಿಸ್ಕನ್ನು ತಂದು ಅಂಚಿನ ತಗಡನ್ನು ಹ್ಯಾಕ್‌ಸಾದಲ್ಲಿ ಕೊಯ್ದು ಬಿಚ್ಚಿದೆ. ಮೇಲೆ ಕೆಳಗೆ ದಪ್ಪ ತಾಮ್ರ, ಸುತ್ತ ಪಿಂಗಾಣಿ ಬಳೆ. ಒಳಗೆ ಬೂದು ಬಣ್ಣದ ಮಾಲಿಬ್ಡಿನಂ ತಟ್ಟೆ. ಬಿಸಿಗೆ ಸಿಲಿಕಾನ್ ಎಷ್ಟು ಹಿಗ್ಗುತ್ತದೋ ಇದೂ ಹತ್ತಿರ ಹತ್ತಿರ ಅಷ್ಟೇ ಹಿಗ್ಗುತ್ತದೆ. ತಾಮ್ರಕ್ಕೇ ಅಂಟಿಸಿದರೆ ಸಿಲಿಕಾನ್ ಬಿರುಕು ಬಿಡುತ್ತದೆ, ಅದಕ್ಕೆ ನಡುವೆ ಇದು. ಅದರ ಮೇಲೆ ಸಿಲಿಕಾನ್ ಬಿಲ್ಲೆ, ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ನಡುವೆ ಗೇಟಿನ ಸಣ್ಣ ಸ್ಪ್ರಿಂಗ್. ಬಿಲ್ಲೆಯ ಅಂಚನ್ನು ಇಳಿಜಾರಾಗಿ ಉಜ್ಜಿ, ಮೇಲೆ ರಬ್ಬರಿನಂಥದ್ದು ಬಳಿದಿರುತ್ತಾರೆ. ಹೆಚ್ಚು ವೋಲ್ಟೇಜು ಬಂದಾಗ ಅಂಚಿನಲ್ಲಿ ಕಿಡಿ ಹಾರಬಾರದು ಅಂತ. ಸುಟ್ಟ ಗುರುತು ಎಷ್ಟು ದೊಡ್ಡದಿತ್ತು? ಗುಂಡುಪಿನ್ನಿನ ತಲೆಯಷ್ಟು. ಅಷ್ಟಕ್ಕೆ ಇಡೀ ಪೇಪರ್ ಮೆಷಿನ್ ನಿಂತಿತ್ತು.

ಈ ಬಿಲ್ಲೆಗಳಿಗೆ ಬೇಕಾದ ಸಿಲಿಕಾನ್ ಬಗ್ಗೆ ಒಂದು ವಿಷಯ ನನಗೆ ಈಗಲೂ ಸೋಜಿಗ. ಸಾವಿರಾರು ವೋಲ್ಟು ತಡೆಯುವ ಬಿಲ್ಲೆಯಲ್ಲಿ, ಕರೆಂಟು ಹರಿಯಲೆಂದು ಬೆರೆಸುವ ಫಾಸ್ಫರಸ್ ಎಲ್ಲ ಕಡೆ ಒಂದೇ ಸಮ ಹರಡಿರಬೇಕು. ಮಾಮೂಲಿ ವಿಧಾನದಲ್ಲಿ ಅಷ್ಟು ಸಮ ಬರುವುದಿಲ್ಲ. ಅದಕ್ಕೆ 1970ರ ದಶಕದಿಂದ ಸಿಲಿಕಾನ್ ದಿಂಡನ್ನು ಪರಮಾಣು ರಿಯಾಕ್ಟರ್ ಒಳಗೆ ಇಳಿಸಲು ಶುರು ಮಾಡಿದರು. ನ್ಯೂಟ್ರಾನ್ ಬಡಿದು ಸಿಲಿಕಾನ್-30ರ ಪರಮಾಣುಗಳು ಫಾಸ್ಫರಸ್-31 ಆಗುತ್ತವೆ. ಬೆರೆಸುವ ಗೋಜೇ ಇಲ್ಲ, ಅಲ್ಲೇ ಹುಟ್ಟಿಕೊಳ್ಳುತ್ತದೆ. ಬೆಂಗಳೂರಿನ ಶೆಡ್ಡಿನಲ್ಲಿ ಸುಟ್ಟು ಬಿದ್ದಿರುವ ಒಂದು ತುಂಡು ರಿಯಾಕ್ಟರ್ ನೋಡಿ ಬಂದಿರಬಹುದು ಅಂದರೆ ಹುಡುಗರು ನಂಬುವುದಿಲ್ಲ.

ಬೇಲೆಕೆಯ ಥೈರಿಸ್ಟರಿನ ಮೇಲೆ ಬರೆದಿರುವ ನಂಬರು ಓದಲು ಸುಲಭ. ಟಿ ಅಂದರೆ ಥೈರಿಸ್ಟರ್, ಡಿ ಅಂದರೆ ಡಯೋಡ್. ಆಮೇಲಿನ ಸಂಖ್ಯೆ ಎಷ್ಟು ಆಂಪಿಯರ್ ಅಂತ. ಅದರ ಮುಂದೆ ಎನ್ ಇದ್ದರೆ ಮಾಮೂಲಿ ಮೇನ್ಸ್‌ಗೆ, ಎಫ್ ಇದ್ದರೆ ವೇಗದ ಕೆಲಸಕ್ಕೆ. ಕ್ಯಾಟಲಾಗ್ ಇಲ್ಲದಿದ್ದರೂ ಅರ್ಧ ಕೆಲಸ ಆಯಿತು. ಎಇಜಿ ಕಾಲದ ಈ ಪದ್ಧತಿ ಆ ಕಾರ್ಖಾನೆಯನ್ನು ಆಮೇಲೆ ವಹಿಸಿಕೊಂಡ ಇನ್ಫಿನಿಯಾನ್ ಕಂಪನಿಯ ಇವತ್ತಿನ ಡೇಟಾಶೀಟ್‌ನಲ್ಲೂ ಹಾಗೇ ಇದೆ. ಕಂಪನಿಯ ಹೆಸರು ಮಾತ್ರ ಬದಲಾಗಿದೆ.

ಎಇಜಿಯ ಪತನ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1967ರಲ್ಲಿ ಟೆಲಿಫುಂಕನ್ ಜೊತೆ ವಿಲೀನ. ಫ್ರಿಜ್ಜು, ಟೀವಿ, ರಡಾರ್, ಪರಮಾಣು ಸ್ಥಾವರ, ಎಲ್ಲಕ್ಕೂ ಕೈ ಹಾಕಿದ್ದರು. ವುರ್ಗಾಸೆನ್ ಪರಮಾಣು ಸ್ಥಾವರದಲ್ಲಿ ಕೈ ಸುಟ್ಟುಕೊಂಡರು. 1982ರ ಆಗಸ್ಟ್‌ನಲ್ಲಿ ಸಾಲ ತೀರಿಸಲಾಗದೆ ಕೋರ್ಟಿಗೆ ಹೋದರು. 1985ರಲ್ಲಿ ಕಾರು ಮಾಡುವ ಡೈಮ್ಲರ್-ಬೆಂಜ್ ಕೊಂಡುಕೊಂಡಿತು. 1996ರಲ್ಲಿ ಕಂಪನಿಯೇ ಇಲ್ಲ. ಇವತ್ತು ಅಂಗಡಿಯಲ್ಲಿ ಕಾಣುವ ಎಇಜಿ ವಾಷಿಂಗ್ ಮೆಷಿನ್, ಎಇಜಿ ಡ್ರಿಲ್ಲು ಬರೀ ಹೆಸರಿಗಷ್ಟೇ, ಮಾಡುವವರು ಬೇರೆ.

ಆದರೆ ಬೇಲೆಕೆ ಮುಚ್ಚಲಿಲ್ಲ. 1990ರಲ್ಲಿ ಎಇಜಿಯ ಮತ್ತು ಸೀಮೆನ್ಸ್‌ನ ಪವರ್ ಸೆಮಿಕಂಡಕ್ಟರ್ ವಿಭಾಗಗಳನ್ನು ಸೇರಿಸಿ ಯೂಪೆಕ್ ಅಂತ ಮಾಡಿದರು. ನೂರು ವರ್ಷದ ಪೈಪೋಟಿ, ಕೊನೆಗೆ ಒಂದೇ ಸೂರು. ಆಮೇಲೆ ಅದು ಇನ್ಫಿನಿಯಾನ್ ಕೈಗೆ ಬಂತು. ಅಲ್ಲಿ ಬೆಳಕಿನಿಂದಲೇ ಆನ್ ಆಗುವ ಥೈರಿಸ್ಟರ್ ಮಾಡಿದರು. ಡಿಸಿಯನ್ನು ದೂರಕ್ಕೆ ಸಾಗಿಸುವ ಲಕ್ಷಾಂತರ ವೋಲ್ಟಿನ ಎಚ್‌ವಿಡಿಸಿ ಲೈನುಗಳಲ್ಲಿ ಪ್ರತಿ ಥೈರಿಸ್ಟರಿಗೂ ವೈರಿನಲ್ಲಿ ಪಲ್ಸ್ ಕಳಿಸುವುದು ಕಷ್ಟ. ಅದಕ್ಕೆ ಗಾಜಿನ ಎಳೆಯಲ್ಲಿ ಲೇಸರ್ ಬೆಳಕು. ಥೈರಿಸ್ಟರ್‌ಗಳನ್ನು ಸಾಲಾಗಿ ಪೇರಿಸಿದ ಇಂಥ ಲೈನಿನ ವಾಲ್ವ್‌ಗಳು ನಮ್ಮಲ್ಲೂ ಇವೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ಸುಮಾರು 1450 ಕಿಲೋಮೀಟರ್ ಡಿಸಿ ಲೈನು 2003ರಲ್ಲಿ ಶುರುವಾಯಿತು, ಕಟ್ಟಿದ್ದು ಸೀಮೆನ್ಸ್. ಚಿನ್ನದ ಗಣಿಗೆ ಅಂತ ಕರೆಂಟು ಹೋದ ಅದೇ ಕೋಲಾರಕ್ಕೆ ಈಗ ದಕ್ಷಿಣ ರಾಜ್ಯಗಳ ಪಾಲಿನ ಕರೆಂಟು ಬಂದಿಳಿಯುತ್ತದೆ.

ಹಾಗಾದರೆ ಬೇಲೆಕೆ ಉಳಿದು ಬೈಯಪ್ಪನಹಳ್ಳಿ ಯಾಕೆ ಹೋಯಿತು? ಎನ್‌ಜಿಇಎಫ್ ಬಗ್ಗೆ ಮಾತು ಬಂದರೆ ನಮ್ಮವರು ಎರಡೇ ಉತ್ತರ ಕೊಡುತ್ತಾರೆ. ಒಂದು, ರಾಜಕೀಯದವರು ತಿಂದರು. ಇನ್ನೊಂದು, ಯೂನಿಯನ್‌ನವರು ಕೆಡಿಸಿದರು. ಮಾವನ ಮನೆಯ ಜಗಲಿಯಲ್ಲಿ ಈ ಎರಡು ಪಕ್ಷದ ಜಗಳ ಎಷ್ಟೋ ಭಾನುವಾರ ಕೇಳಿದ್ದೇನೆ. ನನ್ನ ಲೆಕ್ಕ ಬೇರೆ. ಟ್ರಾನ್ಸ್‌ಫಾರ್ಮರ್ ಡ್ರಾಯಿಂಗ್ ಮೂವತ್ತು ವರ್ಷ ಹಳೆಯದಾದರೂ ನಡೆಯುತ್ತದೆ. ಮೋಟಾರೂ ಅಷ್ಟೇ. ಸೆಮಿಕಂಡಕ್ಟರ್ ಹಾಗಲ್ಲ. ಡಯೋಡ್ ಕಲಿತ ಹೊತ್ತಿಗೆ ಥೈರಿಸ್ಟರ್ ಬಂತು, ಥೈರಿಸ್ಟರ್ ಕೈಗೆ ಹತ್ತುವಷ್ಟರಲ್ಲಿ ಜಿಟಿಒ (ಗೇಟ್‌ನಿಂದಲೇ ಆಫ್ ಕೂಡ ಮಾಡಬಹುದಾದ ಥೈರಿಸ್ಟರ್), ಅದರ ಹಿಂದೆ ಐಜಿಬಿಟಿ (ಇನ್ನೂ ವೇಗದ ಸಿಲಿಕಾನ್ ಸ್ವಿಚ್ಚು). ಪ್ರತಿ ಸಲವೂ ಹೊಸ ಯಂತ್ರ, ಹೊಸ ಕ್ಲೀನ್ ರೂಮ್, ಹೊಸ ಖರ್ಚು. ಬೇಲೆಕೆಯವರು ಆ ಒಂದೇ ಕೆಲಸಕ್ಕೆ ಕಟ್ಟುಬಿದ್ದಿದ್ದರು, ಯಜಮಾನ ಬದಲಾದರೂ ಕೆಲಸ ಬದಲಾಗಲಿಲ್ಲ. ಇಲ್ಲಿ ಅದು ದೊಡ್ಡ ಮನೆಯ ಮೂಲೆಯ ಕೋಣೆಯಾಗಿತ್ತು. 1982ರಲ್ಲಿ ಅಲ್ಲಿ ಎಇಜಿ ಬಿದ್ದಾಗ ಇಲ್ಲಿಯವರಿಗೆ ಮುಂದಿನ ಪಾಠ ಹೇಳಿಕೊಡಲು ಯಾರೂ ಉಳಿದಿರಲಿಲ್ಲ ಅಂತ ನನ್ನ ಅಂದಾಜು.

1991ರ ನಂತರ ಪೈಪೋಟಿ ಜಾಸ್ತಿಯಾಯಿತು. ರೋಗಗ್ರಸ್ತ ಕಂಪನಿಗಳನ್ನು ಆಗ ನೋಡುತ್ತಿದ್ದ ಕೇಂದ್ರದ ಮಂಡಳಿ ಬಿಐಎಫ್‌ಆರ್ ಮುಂದೆ ಎನ್‌ಜಿಇಎಫ್ ಹೋಯಿತು. 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಆಸ್ತಿ ಮಾರಾಟದ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2005ರಲ್ಲಿ ತೀರ್ಪಾಯಿತು. ಖಾಲಿ ಶೆಡ್ಡುಗಳಲ್ಲಿ ಆಮೇಲೆ ಸಿನಿಮಾ ಶೂಟಿಂಗ್ ನಡೆದವು. ವಿಲನ್ ಹೊಡೆತ ತಿಂದು ಬೀಳುವ ಗೋಡೌನ್ ಕಂಡಾಗ ಮಾವ "ಇದು ನಮ್ಮ ಬೇ" (ಶೆಡ್ಡಿನ ಅಂಕಣ) ಅನ್ನುತ್ತಿದ್ದರು. ಯಾವ ಸೆಕ್ಷನ್ ಅಂತಲೂ ಹೇಳುತ್ತಿದ್ದರು. ಹುಬ್ಬಳ್ಳಿಯ ಎನ್‌ಜಿಇಎಫ್ ಮಾತ್ರ ಬೇರೆ ಕಂಪನಿಯಾಗಿ ಉಳಿದುಕೊಂಡಿದೆ, ಮೋಟಾರ್ ಮಾಡುತ್ತಿದೆ.

2011ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೋದ ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿತು. ಆ ರೈಲಿಗೆ ಬೇಕಾದದ್ದು 750 ವೋಲ್ಟ್ ಡಿಸಿ, ಪಕ್ಕದ ಮೂರನೇ ಹಳಿಯಲ್ಲಿ. 33,000 ವೋಲ್ಟ್ ಎಸಿಯನ್ನು ಇಳಿಸಿ, ಸಿಲಿಕಾನ್ ಡಯೋಡುಗಳಲ್ಲಿ ಡಿಸಿ ಮಾಡಿ ಕೊಡುತ್ತಾರೆ. ರೆಕ್ಟಿಫೈಯರ್ ಮಾಡುತ್ತಿದ್ದ ಕಾರ್ಖಾನೆಯ ಪಕ್ಕದಲ್ಲೇ ರೆಕ್ಟಿಫೈಯರ್ ಬೇಕಾದ ಗಿರಾಕಿ ಬಂದು ನಿಂತ, ಅಂಗಡಿ ಮುಚ್ಚಿ ವರ್ಷಗಳಾದ ಮೇಲೆ. ರೈಲಿನ ಮೋಟಾರ್ ಓಡಿಸುವುದು ಐಜಿಬಿಟಿ. ಅದನ್ನು ಕಂಡುಹಿಡಿದ ಜಯಂತ ಬಾಳಿಗಾ ಬೆಳೆದದ್ದು ಇಲ್ಲೇ ಜಾಲಹಳ್ಳಿಯಲ್ಲಿ. ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ, ಆಮೇಲೆ ಮದ್ರಾಸ್ ಐಐಟಿ. ಕೆಲಸ ಮಾಡಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ. ಪಕ್ಕದ ಮನೆಯ ಹುಡುಗನಿಗೆ ಇದನ್ನು ಹೇಳಿದಾಗ ಫೋನ್ ತೆಗೆದು ಅಲ್ಲೇ ಹುಡುಕಿ ನೋಡಿಕೊಂಡ. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ!

ಒಂದು ಕೆಲಸದ ಮಾತು. ನನ್ನ ಹತ್ತಿರ ಎನ್‌ಜಿಇಎಫ್ ಹೆಸರಿನ ಕೆಲವು ಸ್ಟಡ್ ಡಯೋಡುಗಳಿವೆ, ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿದರೆ ಇನ್ನೂ ಗಟ್ಟಿಯಾಗಿವೆ. ಮೇಲಿನ ನಂಬರು ಅರ್ಧ ಅಳಿಸಿ ಹೋಗಿದೆ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅವರ ಹಳೆಯ ರೆಕ್ಟಿಫೈಯರ್ ಕ್ಯಾಟಲಾಗ್ ಇದ್ದರೆ ಒಂದು ಫೋಟೋ ಕಳಿಸಿ. ಇಡೀ ಪುಸ್ತಕ ಬೇಡ, ರೇಟಿಂಗ್ ಕೊಟ್ಟಿರುವ ಪುಟ ಸಾಕು. ಒಬ್ಬರ ಬ್ಯಾಟರಿ ಚಾರ್ಜರ್ ಬಿಚ್ಚಿ ಹಾಗೇ ಇಟ್ಟಿದ್ದೇನೆ.